ಮಲಗಿ ಹೊರಟವಳ ಎತ್ತರ

ಸಂತಪುರದಲ್ಲಿ ನನ್ನ ಗೆಳತಿಯ ಮನೆಯ ಬಾಗಿಲಿನ ಎಡ ಚೌಕಟ್ಟಿನಲ್ಲಿ ಮೂರು ಗುರುತುಗಳಿವೆ. ನಡುವಿನದು ಟೇಪು ಹಿಡಿದು ಅಳೆದು ಚಾಕುವಿನಿಂದ ಕೊರೆದದ್ದು. ಮಹಿಳಾ ಕಾನ್‌ಸ್ಟೇಬಲ್ ಆಗಬೇಕಾದವಳಿಗೆ ಸರ್ಕಾರ ಕೇಳುವ ಎತ್ತರ ಅದು. ಅದರ ಮೇಲೊಂದು, ಕೆಳಗೊಂದು ಕೆಂಪು ಗೆರೆ. ಕುರಿಗಳ ಬೆನ್ನಿಗೆ ಗುರುತು ಹಚ್ಚುವ ಬಣ್ಣದಿಂದ ಅವಳ ತಂದೆ ಎಳೆದವು. ಮೇಲಿನದು ಮುಂಜಾನೆ ಎದ್ದ ಕೂಡಲೇ ಅವಳಿದ್ದ ಎತ್ತರ, ಕೆಳಗಿನದು ಸಂಜೆಯದು. ಎರಡರ ನಡುವೆ ಕಿರುಬೆರಳಿನ ಉಗುರಿನಷ್ಟು ಜಾಗ.

ಮನುಷ್ಯನ ಮೈ ಹಗಲೆಲ್ಲ ನಿಂತು, ನಡೆದು, ಭಾರ ಹೊತ್ತು ಸ್ವಲ್ಪ ಕುಗ್ಗುತ್ತದೆ, ಮಲಗಿದಾಗ ಮತ್ತೆ ಹಿಗ್ಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ಚೌಕಟ್ಟಿನ ಮುಂದೆ ನಿಂತು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಅವಳ ನೌಕರಿ ಆ ಉಗುರಿನಷ್ಟು ಜಾಗದಲ್ಲಿತ್ತು. ಮುಂಜಾನೆ ಅವಳು ಪೊಲೀಸ್, ಸಂಜೆಗೆ ಅಲ್ಲ.

ನಾವಿಬ್ಬರೂ ಮೊದಲು ಕಂಡದ್ದು ಭಾಲ್ಕಿಯ ಒಂದು ಪರೀಕ್ಷಾ ಕೇಂದ್ರದಲ್ಲಿ. ಯಾವ ಹುದ್ದೆಯ ಪರೀಕ್ಷೆ ಎಂದು ಈಗ ನೆನಪಿಲ್ಲ. ಆ ವರ್ಷಗಳಲ್ಲಿ ನಾನು ಹಾಕದ ಅರ್ಜಿ ಇರಲಿಲ್ಲ. ಗ್ರಾಮ ಲೆಕ್ಕಿಗ, ನ್ಯಾಯಾಲಯದ ಜಾರಿಕಾರ, ಜೈಲು ವಾರ್ಡರ್, ಅರಣ್ಯ ರಕ್ಷಕ, ಜಿಲ್ಲಾ ಪಂಚಾಯಿತಿಯ ಗುಮಾಸ್ತೆ, ಪೊಲೀಸ್. ನಮ್ಮ ಮನೆ ಬೀದರಿನ ಮೈಲೂರಿನಲ್ಲಿ. ತಾಯಿ ಮಿಷನ್ ಕಾಲದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತಿಯಾದವಳು. ನಾನೂ ನರ್ಸಿಂಗ್ ಓದಲಿ ಎಂಬುದು ಅವಳ ಆಸೆಯಾಗಿತ್ತು. ನನಗೆ ರಕ್ತ ಕಂಡರೆ ಕೈ ತಣ್ಣಗಾಗುತ್ತದೆ. ಹಾಗಾಗಿ ನಾನು ಮೊಬೈಲ್ ಹಿಡಿದು ಅಧಿಸೂಚನೆಗಳ ಬೆನ್ನು ಹತ್ತಿದೆ. ಒಂದು ಕಡೆ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ಫಲಿತಾಂಶದ ಪುಟ ತೆರೆದು ನೋಡುವುದು, ಚರ್ಚಿನಲ್ಲಿ ಪ್ರಾರ್ಥನೆಗೆ ತಲೆ ಬಗ್ಗಿಸಿದಾಗಲೂ ಪ್ರವೇಶಪತ್ರ ಬಂದಿರಬಹುದೇ ಎಂದು ಯೋಚಿಸುವುದು. ಮನೆಗೆ ಬಂದವರು ಮಗಳು ಏನು ಮಾಡುತ್ತಾಳೆಂದು ಕೇಳಿದರೆ ತಾಯಿ ಗಂಭೀರವಾಗಿ, ಅರ್ಜಿ ಹಾಕುವ ಇಲಾಖೆಯಲ್ಲಿದ್ದಾಳೆ, ರಜೆಯೇ ಸಿಗುವುದಿಲ್ಲ ಎನ್ನುತ್ತಿದ್ದಳು.

ಗೆಳತಿಗೆ ಈ ಚಡಪಡಿಕೆ ಇರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ ನೌಕರಿ. ಕುರಿ ಸಾಕುವ ಮನೆತನ ಅವರದು. ಸ್ವಲ್ಪ ಒಣಭೂಮಿ, ಒಂದು ಹಿಂಡು ಕುರಿ, ಕುರಿಗಳನ್ನು ಸಂತೆಗೆ ಒಯ್ಯಲು ತಂದೆ ಕೊಂಡಿದ್ದ ಒಂದು ಹಳೆಯ ಗೂಡ್ಸ್ ಗಾಡಿ. ಚಿಕ್ಕವಳಿದ್ದಾಗ ಕುರಿ ಕಳುವಾಗಿ ತಂದೆಯ ಜೊತೆ ಔರಾದಿನ ಠಾಣೆಗೆ ಹೋಗಿದ್ದಳಂತೆ. ತಂದೆ ಹೊರಗೇ ಚಪ್ಪಲಿ ಬಿಟ್ಟು, ಕೈಕಟ್ಟಿಕೊಂಡು, ಕುರಿ ಎಷ್ಟು ಎಂದು ಕೇಳಿದರೆ ತಡವರಿಸಿದ್ದನ್ನು ನೋಡಿದ್ದಳು. ಆ ಮೇಜಿನ ಆಚೆ ಬದಿಗೆ ಕೂರಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ ಎಂದಳು. ಇಷ್ಟನ್ನು ಅವಳು ಒಂದೇ ಸಲ ಹೇಳಿದ್ದು, ಭಾಲ್ಕಿಯ ಬಸ್ ನಿಲ್ದಾಣದಲ್ಲಿ, ಕಡಲೆಕಾಯಿ ಸುಲಿಯುತ್ತ.

ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಗುಂಡು ಎಸೆಯುವುದರಲ್ಲೂ ಅಷ್ಟೇ. ಲಿಖಿತ ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ. ಆದರೆ ಹಿಂದಿನ ನೇಮಕಾತಿಯಲ್ಲಿ ಬಸ್ಸಿನಲ್ಲಿ ಸೀಟು ಸಿಗದೆ ಸಂತಪುರದಿಂದ ಬೀದರಿನವರೆಗೆ ನಿಂತೇ ಬಂದು, ಮೈದಾನದಲ್ಲಿ ಬಿಸಿಲಿಗೆ ಕಾದು, ಮಧ್ಯಾಹ್ನದ ಮೇಲೆ ಅಳತೆಗೆ ನಿಂತಾಗ ಎತ್ತರ ಕಡಿಮೆ ಎಂದು ವಾಪಸು ಕಳಿಸಿದ್ದರು. ಈ ಸಲ ಬಿಟ್ಟರೆ ಮುಂದಿನ ನೇಮಕಾತಿಯ ಹೊತ್ತಿಗೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಆದ್ದರಿಂದ ಇದೇ ಕೊನೆಯದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಅವಳ ತಂದೆಗೂ ಗೊತ್ತಿತ್ತು.

ಮೈ ಕುಗ್ಗುವ ವಿಷಯ ತಿಳಿಸಿದ್ದು ಭಾಲ್ಕಿಯ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಅವರು ಊರ ಹೊರಗಿನ ಬಯಲಿನಲ್ಲಿ ಮುಂಜಾನೆ ಹುಡುಗ ಹುಡುಗಿಯರನ್ನು ಓಡಿಸುತ್ತಿದ್ದರು. ಅವರ ಬಳಿ ಕಲಿಯುವವರಿಗೆ ತಮ್ಮದೇ ಪದ್ಧತಿಗಳಿದ್ದವು. ತೂಕ ಸಾಲದವರು ಅಳತೆಯ ದಿನ ಬಾಳೆಹಣ್ಣು ತಿಂದು ನೀರು ಕುಡಿದು ಹೋಗುವರು. ಎತ್ತರ ಅಂಚಿನಲ್ಲಿರುವವರು ಮಲಗಿ ಹೋಗುವರು. ಭಾಲ್ಕಿಯ ಒಬ್ಬ ಹುಡುಗ ಬೀದರಿಗೆ ಪ್ಯಾಸೆಂಜರ್ ರೈಲಿನಲ್ಲಿ ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಏಳು ಎಂದವರಿಗೆಲ್ಲ ಬೆನ್ನುಮೂಳೆಯ ಕಾಯಿಲೆ ಎಂದು ಹೇಳಿಕೊಂಡು ಹೋಗಿ, ಆಯ್ಕೆಯೂ ಆಗಿದ್ದನಂತೆ. ಬಾಳೆಹಣ್ಣಿನ ಸಂಗತಿ ಕೇಳಿ ಗೆಳತಿಯ ತಂದೆ ಬಹಳ ಹೊತ್ತು ನಕ್ಕಿದ್ದರು. ಸಂತೆಯಲ್ಲಿ ತೂಕಕ್ಕೆ ಹಚ್ಚುವ ಮೊದಲು ವ್ಯಾಪಾರಿಗಳು ಕುರಿಗೆ ನೀರು ಕುಡಿಸುತ್ತಾರೆ, ಸರ್ಕಾರಕ್ಕೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಕೇಳಿದರು.

ಆದರೆ ಚೌಕಟ್ಟಿಗೆ ಗೆರೆ ಎಳೆದ ಮೇಲೆ ಅವರು ನಗಲಿಲ್ಲ. ಮುಂಜಾನೆ ಒಂದು, ಸಂಜೆ ಒಂದು. ಮೂರು ನಾಲ್ಕು ದಿನ ಹಾಗೇ ಪರೀಕ್ಷಿಸಿದರು. ಎಲ್ಲ ದಿನವೂ ಅದೇ. ಹಾಗಿದ್ದರೆ ನಿನ್ನನ್ನು ಮಲಗಿಸಿಯೇ ಒಯ್ಯುತ್ತೇನೆ ಎಂದುಬಿಟ್ಟರು.

ಅಳತೆಯ ಹಿಂದಿನ ದಿನ ನಾನು ಸಂತಪುರಕ್ಕೆ ಹೋದೆ. ನಮ್ಮಿಬ್ಬರಿಗೂ ಒಂದೇ ದಿನ, ಒಂದೇ ಮೈದಾನ. ಮೈಲೂರಿನಿಂದ ಆ ಮೈದಾನಕ್ಕೆ ನಾನು ನಡೆದೇ ಹೋಗಬಹುದಿತ್ತು. ಆದರೆ ಅವಳು ಮಲಗಿರುವಾಗ ಗೇಟಿನ ಬಳಿ ಮಾತಾಡಲು, ಸಾಲಿನಲ್ಲಿ ಜಾಗ ಹಿಡಿಯಲು ಯಾರಾದರೂ ಬೇಕಿತ್ತು. ಗಾಡಿಯ ತಳದ ತಗಡು ಏರುತಗ್ಗಾಗಿತ್ತು, ಮಲಗಿದರೆ ಬೆನ್ನು ಬಾಗುತ್ತಿತ್ತು. ತಂದೆ ಯೋಚಿಸಿ, ಕುರಿದೊಡ್ಡಿಗೆ ಬಾಗಿಲಾಗಿದ್ದ ಅಗಲವಾದ ಒಂದೇ ಹಲಗೆಯನ್ನು ಕಿತ್ತು ತಂದು ಗಾಡಿಯಲ್ಲಿ ಹಾಸಿ, ಮೇಲೆ ಕಂಬಳಿ ಹೊದಿಸಿದರು. ಬಾಗಿಲಿಲ್ಲದ ದೊಡ್ಡಿಯನ್ನು ನೋಡಿ ಗೆಳತಿಯ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಂಜೀ ಒಳಗ ತಂದು ಹಚ್ಚಬೇಕು ನೋಡ್ರಿ ಮತ್ತ. ಇಲ್ಲಾಂದ್ರ ಬಾಗಿಲ ಜಾಗಾದಾಗ ನಾನೇ ಅಡ್ಡ ಮಕ್ಕೋಬೇಕಾಗ್ತದ" ಎಂದಳು.

ಬೆಳಕು ಹರಿಯುವ ಮುಂಚೆ ಗೆಳತಿಯನ್ನು ಹಾಸಿಗೆಯಿಂದ ಹೆಚ್ಚುಕಮ್ಮಿ ಎತ್ತಿಕೊಂಡೇ ಗಾಡಿಗೆ ಸಾಗಿಸಿದೆವು. ಅವಳು ಬಾಗಿಲು ದಾಟುವಷ್ಟು ಮಾತ್ರ ನಡೆದಳು. ಎದುರು ಮನೆಯ ಹೆಂಗಸು ಕೊಡ ಹಿಡಿದು ನಿಂತು, ಯಾರಿಗೆ ಏನಾಯಿತು, ದವಾಖಾನೆಗೆ ಒಯ್ಯುತ್ತಿದ್ದೀರೇನು ಎಂದು ಗಾಬರಿಯಿಂದ ಕೇಳಿದಳು.

ಹಲಗೆಯ ಮೇಲಿಂದ ತಲೆ ಎತ್ತದೆಯೇ ಗೆಳತಿ, "ಏನೂ ಆಗಿಲ್ರಿ ಅತ್ತಿ. ಪೊಲೀಸ್ ಆಗ್ಲಿಕ್ಕ ಹೊಂಟೀನಿ" ಎಂದಳು.

"ಮಕ್ಕೊಂಡು ಪೊಲೀಸ್ ಆಗ್ತೀ?"

"ಆದಮ್ಯಾಲೂ ಅದೇ ಕೆಲಸ ಅದಾ ಅಂತಾರಲ್ರಿ."

ಹೀಗೆ ನಗುತ್ತ ಹೊರಟೆವು. ತಂದೆ ಗಾಡಿಯನ್ನು ಬಹಳ ನಿಧಾನ ಓಡಿಸುತ್ತಿದ್ದರು, ತುಂಬಿದ ಹಾಲಿನ ಪಾತ್ರೆ ಇಟ್ಟುಕೊಂಡವರ ಹಾಗೆ. ನಾನು ಹಿಂದೆ ಅವಳ ತಲೆಯ ಬಳಿ ಕೂತಿದ್ದೆ, ಇಬ್ಬರ ಕಾಗದಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ಸುಮ್ಮನಿರಲಾಗದೆ ಪ್ರವೇಶಪತ್ರ ಇದೆಯೇ ಎಂದು ಚೀಲ ತೆಗೆದು ನೋಡುವೆ, ಮುಚ್ಚುವೆ, ಮತ್ತೆ ತೆಗೆಯುವೆ. ಅವಳು ಆಕಾಶ ನೋಡುತ್ತ ಮಲಗಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಆಕಾಶ, ಮರದ ತುದಿ, ವಿದ್ಯುತ್ ತಂತಿ ಇಷ್ಟೇ. ಈಗೆಲ್ಲಿ ಬಂದೆವು ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಮಾಂಜ್ರಾ ಸೇತುವೆ ಬಂತು ಎಂದಾಗ, ನೀರು ಇದೆಯೇ ಎಂದು ಕೇಳಿದಳು. ಇದೆ, ಮಣ್ಣು ಬಣ್ಣದ್ದು ಎಂದೆ.

ಸೇತುವೆ ದಾಟಿ ಜನವಾಡದ ಕಡೆ ಬರುವಾಗ ನಡೆದದ್ದನ್ನು ನಾನು ಅನೇಕರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಒಂದೆರಡು ಮಾತು ಹೆಚ್ಚಾಗುತ್ತವೆ ಎಂಬ ಭಯವಿದೆ. ಅದಕ್ಕೇ ಇಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಸೋಯಾ ಕಟಾವಿನ ದಿನಗಳು. ನಮ್ಮ ಕಡೆ ರಸ್ತೆಯೇ ಕಣ. ಡಾಂಬರಿನ ಅರ್ಧ ಭಾಗಕ್ಕೆ ಕಾಳು ಹರವಿ, ಸುತ್ತ ಕಲ್ಲು ಇಟ್ಟು ಒಣಗಿಸುತ್ತಾರೆ. ರಾತ್ರಿ ಇಬ್ಬನಿ ಬಿದ್ದು ಕಾಳು ಜಾರುವಂತಾಗಿತ್ತು. ನಮ್ಮ ಮುಂದೆ ಸ್ವಲ್ಪ ದೂರದಲ್ಲಿ ಒಂದು ಬೈಕ್ ಹೋಗುತ್ತಿತ್ತು, ಗಂಡಸು ಓಡಿಸುತ್ತಿದ್ದ, ಹಿಂದೆ ಹೆಂಗಸು ಒಂದು ಕಡೆಗೆ ಕಾಲು ಹಾಕಿ ಕೂತಿದ್ದಳು. ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲು ಅವನು ಬೈಕನ್ನು ಕಾಳಿನ ಮೇಲೆ ಹತ್ತಿಸಿದ. ಬೈಕ್ ಅಡ್ಡಡ್ಡ ಜಾರಿತು. ಶಬ್ದವೇನೂ ದೊಡ್ಡದಾಗಿ ಬರಲಿಲ್ಲ. ಹೆಂಗಸು ಸುತ್ತ ಇಟ್ಟಿದ್ದ ಕಲ್ಲುಗಳ ಮೇಲೆ ಬೆನ್ನು ಕೆಳಗಾಗಿ ಬಿದ್ದಳು. ಲಾರಿ ನಿಲ್ಲಲಿಲ್ಲ. ಅದು ಅವರಿಗೆ ತಾಗಿರಲೂ ಇಲ್ಲ, ಇದನ್ನು ನಾನು ಸ್ಪಷ್ಟವಾಗಿ ಕಂಡೆ.

ಗಾಡಿ ನಿಂತಿತು. ತಂದೆ ಇಳಿದು ಓಡಿದರು.

"ಏನಾಯ್ತು?" ಎಂದಳು ಗೆಳತಿ.

ಹೇಳಿದೆ.

"ಎದ್ದಾಳೇನು ನೋಡಿ ಹೇಳು."

ಗಂಡಸು ಎದ್ದಿದ್ದ. ಮೊಣಕೈಯಿಂದ ರಕ್ತ ಬರುತ್ತಿತ್ತು. ಹೆಂಗಸು ಎದ್ದಿರಲಿಲ್ಲ. ಕಣ್ಣು ತೆರೆದೇ ಇದ್ದಳು, ಆದರೆ ಕಾಲು ಅಲುಗಾಡಿಸುತ್ತಿರಲಿಲ್ಲ. ಇಲ್ಲ ಎಂದೆ. ಗೆಳತಿ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಗಾಡಿಯಿಂದ ಕೆಳಗಿಳಿಯಬೇಕು ಎಂದು ನನಗೆ ಗೊತ್ತಿತ್ತು, ಕೈ ಆಗಲೇ ತಣ್ಣಗಾಗಿತ್ತು. ಕೂತಲ್ಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಬೇರೆ ಕರೆಗೆ ಹೋಗಿದೆ, ತಡವಾಗುತ್ತದೆ ಎಂದರು. ಆಮೇಲೆ ನನ್ನ ತಾಯಿಗೆ ಮಾಡಿದೆ.

ತಾಯಿ ಫೋನಿನಲ್ಲಿ ಯಾವಾಗಲೂ ಜೋರಾಗಿ ಮಾತಾಡುತ್ತಾಳೆ, ವಾರ್ಡಿನ ಆ ತುದಿಗೆ ಕೂಗುವವಳ ಹಾಗೆ. ಕಾಲು ಆಡಿಸುತ್ತಾಳೆಯೇ, ಮಾತಾಡುತ್ತಾಳೆಯೇ ಎಂದು ಕೇಳಿದಳು. ನಾನು ಕಂಡದ್ದನ್ನು ಹೇಳಿದೆ. ಆಂಬುಲೆನ್ಸ್ ಇಲ್ಲವೆಂದೂ ಹೇಳಿದೆ.

"ಎತ್ತಿ ಕೂಡಸಬ್ಯಾಡ್ರಿ. ಕೈಕಾಲು ಹಿಡದು ಜೋಲಿ ಹೊಡ್ಯಬ್ಯಾಡ್ರಿ. ಕುತಗಿ, ಸೊಂಟ ಒಂದೇ ನೇರ ಇರಬೇಕು" ಎಂದಳು. "ಹಲಗಿ ಏನರೆ ಅದಾ ನಿಮ್ಮ ಕಡೆ? ಒಂದು ಅಗಲಾದ ಹಲಗಿ?"

ನಾನು ಕೆಳಗೆ ನೋಡಿದೆ. ಗೆಳತಿ ನನ್ನ ಮುಖವನ್ನು ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

ಅವಳು ಎದ್ದು ಕೂತಳು. ಕೂದಲಿಗೆ ಅಂಟಿದ್ದ ಕಂಬಳಿಯ ಎಳೆಗಳನ್ನು ಕೊಡವಿಕೊಂಡಳು. ಕಂಬಳಿ ಎತ್ತಿ ಬದಿಗಿಟ್ಟು ಹಲಗೆಯ ಒಂದು ತುದಿ ಹಿಡಿದು, "ಆ ಕಡೆ ಹಿಡಿ" ಎಂದಳು. ಅಷ್ಟೇ. ನಾನು ಫೋನನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದೆ ಎಂದು ಆಮೇಲೆ ಅದರ ಕವಚದ ಮೇಲಿನ ಹಲ್ಲಿನ ಗುರುತು ನೋಡಿ ತಿಳಿಯಿತು.

ಹಲಗೆ ಹೊತ್ತು ಬರುವ ಮಗಳನ್ನು ನೋಡಿ ತಂದೆ ನಿಂತಲ್ಲೇ ನಿಂತರು. ಆಮೇಲೆ ಕೆಳಗೆ ಕೂತು ಆ ಹೆಂಗಸಿನ ಬೆನ್ನಿನ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಸರಿಸತೊಡಗಿದರು. ಪಕ್ಕದ ಹೊಲದಿಂದ ಕಾಳಿನ ಒಡೆಯ, ಒಬ್ಬ ಮುದುಕ, ಕಾಳು ಬಳಿಯುವ ಮರದ ಹಲುಬೆ ಹಿಡಿದು ಬಂದ. ಅವನು ಮೊದಲು ರಸ್ತೆಯ ಕಾಳು ಬಳಿದನೋ, ಮೊದಲು ಹೆಂಗಸಿನ ಬಳಿ ಬಂದನೋ, ನನಗೆ ಖಚಿತವಿಲ್ಲ. ಎರಡನ್ನೂ ಕಂಡೆ, ಯಾವುದು ಮೊದಲು ಎಂದು ಆಣೆ ಮಾಡಿ ಹೇಳಲಾರೆ. ಹಲಗೆಯನ್ನು ಅವಳ ಕೆಳಗೆ ಸರಿಸುವಾಗ ಅವನೂ ಕೈಕೊಟ್ಟ. ತಾಯಿ ಹೇಳಿದಂತೆ ಎಲ್ಲರೂ ಒಟ್ಟಿಗೆ ಹೊರಳಿಸಿ, ಒಟ್ಟಿಗೆ ಎತ್ತಿದೆವು. ಹೆಂಗಸಿನ ಕೂದಲಲ್ಲಿ, ಸೀರೆಯ ಮಡಿಕೆಯಲ್ಲಿ ಸೋಯಾಕಾಳುಗಳು ಸಿಕ್ಕಿದ್ದವು. ಅವಳ ಗಂಡ ಗಾಡಿ ಹತ್ತಿದ ಮೇಲೆ ಅವನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾವು ಮನ್ನಳ್ಳಿಯವರು, ಮಗಳ ಮನೆಗೆ ಹೋಗಿ ಬರುತ್ತಿದ್ದೇವೆ ಎಂದು ಯಾರೂ ಕೇಳದಿದ್ದರೂ ಹೇಳಿದ.

ಬೀದರಿನವರೆಗೆ ಗೆಳತಿ ಆ ಹೆಂಗಸಿನ ತಲೆಯ ಬಳಿ ಮೊಣಕಾಲೂರಿ, ಮುಂದಕ್ಕೆ ಬಾಗಿ, ಎರಡೂ ಅಂಗೈಗಳಿಂದ ತಲೆಯನ್ನು ಅಲುಗದಂತೆ ಹಿಡಿದಿದ್ದಳು. ಗಾಡಿ ಪ್ರತಿ ತಗ್ಗಿಗೆ ಇಳಿದಾಗಲೂ ಆ ಏಟನ್ನು ಅವಳ ಬೆನ್ನು ತಿನ್ನುತ್ತಿತ್ತು. ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ. ಒಂದು ಬೆನ್ನು ಹಲಗೆಯ ಮೇಲೆ ನೇರ ಮಲಗಿತ್ತು, ಇನ್ನೊಂದು ಅದರ ಮೇಲೆ ಬಾಗಿತ್ತು. ನಾನು ಹಿಡಿದುಕೊಳ್ಳುತ್ತೇನೆ, ನೀನು ಸ್ವಲ್ಪ ಒರಗು ಎಂದೆ. ನೀನು ರಕ್ತ ಕಂಡರೆ ತಡೆಯುವವಳಲ್ಲ, ಕಾಗದದ ಚೀಲ ಹಿಡಿದುಕೊ ಎಂದಳು.

ಆಸ್ಪತ್ರೆಯಲ್ಲಿ ಹಲಗೆಯ ಸಮೇತ ಹೆಂಗಸನ್ನು ಸ್ಟ್ರೆಚರಿನ ಮೇಲೆ ಇಟ್ಟು ಒಳಗೆ ಒಯ್ದರು. ಹೊರಠಾಣೆಯ ಪೊಲೀಸರು ತಂದವರು ಯಾರು, ಹೆಸರು ಬರೆಸಿ, ಹೇಳಿಕೆ ಕೊಡಬೇಕು, ಕೂತಿರಿ ಎಂದರು. ಮೈದಾನದಲ್ಲಿ ನಮ್ಮ ತಂಡದ ಹೆಸರು ಕೂಗುವ ಹೊತ್ತು ಹತ್ತಿರವಾಗಿತ್ತು. ಠಾಣೆಯ ಹೆಸರು ಕೇಳಿದರೆ ಹೊರಗೇ ಚಪ್ಪಲಿ ಬಿಡುವ ಆ ಮನುಷ್ಯ ಮುಂದೆ ಬಂದು ಬೆಂಚಿನ ಮೇಲೆ ಕೂತರು.

"ನಾ ಕೂಡ್ತೇನಿ. ನೀವ್ ನಡೀರಿ" ಎಂದು ನಮಗೆ ಹೇಳಿದರು. "ನನಗೇನು ಯಾರೂ ಅಳತಿ ಮಾಡಂಗಿಲ್ಲ."

ಆಟೋದಲ್ಲಿ ನಾನು ಮೂಲೆಗೆ ಸರಿದು, ಇಷ್ಟಾದರೂ ಮಲಗು, ನನ್ನ ತೊಡೆಯ ಮೇಲೆ ತಲೆ ಇಡು ಎಂದೆ. ಅವಳು ಮಲಗಿದಳು. ಕಾಲು ಹೊರಗೆ ಚಾಚಿದ್ದವು. ಚಾಲಕ ಕನ್ನಡಿಯಲ್ಲಿ ನೋಡಿ, ತಂಗಿಗೆ ತಬಿಯತ್ ಸರಿ ಇಲ್ಲವೇನ್ರಿ ಎಂದು ಕೇಳಿದ. ಅವಳು ನಕ್ಕಳು. ಆ ನಗುವಿನಿಂದ ನನಗೆ ಸ್ವಲ್ಪ ಧೈರ್ಯ ಬಂತು. ಇನ್ನೂ ಮುಂಜಾನೆಯೇ ಇದೆ, ಉಗುರಿನಷ್ಟು ಜಾಗದಲ್ಲಿ ಒಂದಿಷ್ಟಾದರೂ ಉಳಿದಿರುತ್ತದೆ ಎಂದುಕೊಂಡೆ. ಅವಳೂ ಅದನ್ನೇ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ಕಣ್ಣು ಮುಚ್ಚಿ, ಹಿಮ್ಮಡಿಗಳನ್ನು ಜೋಡಿಸಿಕೊಂಡು, ಉಸಿರು ಎಳೆದು ಬಿಡುತ್ತಿದ್ದಳು.

ಮೈದಾನದಲ್ಲಿ ಸಾಲು ನಿಧಾನವಾಗಿ ಸರಿಯಿತು. ಕಾಗದ ನೋಡುವ ಮೇಜು, ಬೆರಳಚ್ಚಿನ ಮೇಜು, ಎದೆಗೆ ನಂಬರು ಕಟ್ಟುವ ಮೇಜು. ಎಲ್ಲಿಯೂ ಮಲಗುವುದಿರಲಿ, ಕೂರಲೂ ಬಿಡಲಿಲ್ಲ. ನಾನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದೆ. ಅವಳು ಅಲುಗಲಿಲ್ಲ. ಅವಳ ತೋಳಿನ ಮೇಲೆ ಬೇರೆಯವರ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

ಅಳತೆಯ ಯಂತ್ರದ ಬಳಿ ಒಬ್ಬ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಇದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಒರಟಾಗಿರಲಿಲ್ಲ. ಹಿಮ್ಮಡಿ, ಬೆನ್ನು, ತಲೆ ಕಂಬಕ್ಕೆ ತಾಗಲಿ, ಗದ್ದ ಎತ್ತಬೇಡ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ನನ್ನದು ಮೊದಲಾಯಿತು. ಪಾಸ್. ಬದಿಗೆ ನಿಂತು ನೋಡಿದೆ. ಗೆಳತಿ ನಿಂತಳು. ಮೇಲಿನ ಪಟ್ಟಿ ಇಳಿದು ಅವಳ ನೆತ್ತಿಗೆ ತಾಗಿತು. ಯಂತ್ರ ಅಂಕಿ ತೋರಿಸಿತು. ಅಧಿಕಾರಿ ಅದನ್ನು ನೋಡಿ, ಅವಳನ್ನು ನೋಡಿ, ಒಂದು ಹೆಜ್ಜೆ ಮುಂದೆ ಬಂದು ಮತ್ತೆ ನಿಲ್ಲು ಎಂದರು. ಎರಡನೆಯ ಸಲವೂ ಅದೇ ಅಂಕಿ. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಪಕ್ಕದ ಪೇದೆ ಓದಿ ಹೇಳಿದ. ಬಹಳ ಸ್ವಲ್ಪ, ಬೆಂಕಿಕಡ್ಡಿಯ ದಪ್ಪದಷ್ಟು ಕಡಿಮೆ.

ತೋಳಿಗೆ ಏನಾಯಿತು ಎಂದು ಅಧಿಕಾರಿ ಕೇಳಿದರು. ಏನೂ ಇಲ್ಲ ಮೇಡಂ, ದಾರಿಯಲ್ಲಿ ಎಂದಳು ಅವಳು. ನಾನು ಮುಂದೆ ಹೋದೆ. ಎಲ್ಲ ಹೇಳಿಬಿಡಬೇಕು ಎನಿಸಿತು. ಹಲಗೆ, ಕಲ್ಲು, ತಗ್ಗುಗಳು, ಬೇಕಾದರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ನಾಳೆ ಮುಂಜಾನೆ ಒಂದು ಸಲ ಅಳೆಯಿರಿ. ಗೆಳತಿ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಳು.

"ಹೇಳಿದ್ರ ಎತ್ತರ ಆಗ್ತೇನೇನು?" ಎಂದಳು ಮೆಲ್ಲಗೆ.

ಅವಳನ್ನು ಗೇಟಿನ ಕಡೆ ಕಳಿಸಿದರು, ನನ್ನನ್ನು ಓಟದ ಕಡೆ. ಓಡಿದೆ. ಪಾಸಾದೆ. ಕೊನೆಯ ಪಟ್ಟಿಯಲ್ಲಿ ನನ್ನ ನಂಬರು ಬರಲಿಲ್ಲ, ಅದು ಬೇರೆ ಮಾತು. ಈಗ ನಾನು ಭಾಲ್ಕಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಕಿಟಕಿಯ ಆಚೆ ಪ್ರಮಾಣಪತ್ರಕ್ಕೆಂದು ನಿಂತ ಹುಡುಗಿಯರನ್ನು ಕಂಡರೆ ಮೊದಲು ಅವರ ನೆತ್ತಿ ನೋಡುತ್ತೇನೆ. ನನಗೆ ಇವತ್ತಿಗೂ ಸಮಾಧಾನವಿಲ್ಲ. ಅವಳು ಮಲಗಿಯೇ ಬಂದಿದ್ದರೆ ಆ ಕಡ್ಡಿಯಷ್ಟು ಉಳಿಯುತ್ತಿತ್ತೇ? ಮನೆಯ ಟೇಪಿಗೂ ಮೈದಾನದ ಯಂತ್ರಕ್ಕೂ ಮೊದಲಿನಿಂದಲೇ ಅಷ್ಟು ವ್ಯತ್ಯಾಸವಿತ್ತೇ? ಸಾಲಿನಲ್ಲಿ ನಿಂತದ್ದರಿಂದಲೇ ಹೋಯಿತೇ? ಒಂದೊಂದು ದಿನ ಒಂದೊಂದು ಉತ್ತರ ಸರಿ ಎನಿಸುತ್ತದೆ. ಗೆಳತಿಯನ್ನು ಕೇಳಿದರೆ ಅವಳು ಗೇರು ಬದಲಿಸುತ್ತ ಬೇರೆ ಮಾತು ತೆಗೆಯುತ್ತಾಳೆ. ತಂದೆಯ ಗಾಡಿಯನ್ನು ಈಗ ಅವಳೇ ಓಡಿಸುತ್ತಾಳೆ. ರಸ್ತೆಯಲ್ಲಿ ಕಾಳು ಹರವಿದ್ದು ಕಂಡರೆ ಇಳಿದು ಹೋಗಿ, ಒಡೆಯ ಎಲ್ಲಿದ್ದರೂ ಹುಡುಕಿ, ಕಲ್ಲುಗಳನ್ನಾದರೂ ತೆಗೆಸಿಯೇ ಮುಂದೆ ಹೋಗುತ್ತಾಳೆ. ಅವಳಿಗೆ ಎದುರಾಡುವವರು ಕಡಿಮೆ.

ಆ ದಿನ ಮಧ್ಯಾಹ್ನದ ಮೇಲೆ ನಾನು ಆಸ್ಪತ್ರೆಗೆ ಹೋದಾಗ ಅವಳು ತಂದೆಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಹೇಳಿಕೆ ಬರೆಸಿ ಆಗಿತ್ತು. ತಂದೆ ಹೆಬ್ಬೆರಳಿನ ಶಾಯಿಯನ್ನು ಬೆಂಚಿಗೆ ತಿಕ್ಕುತ್ತಿದ್ದರು. ಅವಳು ಅಳತೆಯ ಸಂಗತಿ ಹೇಳಿದ್ದಾಳೆಂದು ಅವರ ಮುಖದಿಂದ ತಿಳಿಯಿತು. ಆ ಹೆಂಗಸಿನ ಬೆನ್ನುಮೂಳೆಗೆ ಪೆಟ್ಟಾಗಿದೆ, ನೇರವಾಗಿ ಮಲಗಿಸಿ ತಂದದ್ದು ಒಳ್ಳೆಯದಾಯಿತು, ಕಾಲ್ಬೆರಳು ಆಡಿಸುತ್ತಿದ್ದಾಳೆ ಎಂದು ನರ್ಸ್ ಹೇಳಿದಳಂತೆ. ದೊಡ್ಡ ಆಸ್ಪತ್ರೆಗೆ ಸಾಗಿಸುವವರೆಗೆ ಹಲಗೆಯಿಂದ ಇಳಿಸುವುದಿಲ್ಲ, ಹಲಗೆ ಈಗ ಸಿಗುವುದಿಲ್ಲ ಎಂದೂ ಹೇಳಿದಳಂತೆ. ಪೆಟ್ಟಾದವಳ ಗಂಡ ಬಾಗಿಲಿಗೆ ಬಂದು, ಹಲಗೆಯನ್ನು ನಾನೇ ಸಂತಪುರಕ್ಕೆ ಮುಟ್ಟಿಸುತ್ತೇನೆ ಎಂದು ಎರಡು ಸಲ ಹೇಳಿ ಒಳಗೆ ಹೋದ.

ನನ್ನ ಮನೆ ಅಲ್ಲಿಂದ ಹತ್ತಿರವಿತ್ತು. ಆದರೂ ನಾನು ಗಾಡಿ ಹತ್ತಿದೆ. ಊರು ದಾಟಿದ ಮೇಲೆ ಗೆಳತಿ ಬರಿಯ ತಗಡಿನ ಮೇಲೆ ಕಂಬಳಿ ಹಾಸಿಕೊಂಡು ಮಲಗಿಬಿಟ್ಟಳು. ತಗಡಿನ ಏರುತಗ್ಗಿಗೆ ಅವಳ ಬೆನ್ನು ಬಾಗಿತ್ತು. ತಂದೆ ಹಿಂದಿನ ಗಾಜಿನಿಂದ ಒಮ್ಮೆ ನೋಡಿದರು. ಆಮೇಲೆ ಸಂತಪುರದವರೆಗೂ ಗಾಡಿಯನ್ನು ಮುಂಜಾನೆ ಓಡಿಸಿದಷ್ಟೇ ನಿಧಾನ ಓಡಿಸಿದರು. ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು.

ಮನೆ ಮುಟ್ಟಿದಾಗ ಕುರಿಗಳು ಮೇದು ಬಂದಿದ್ದವು. ದೊಡ್ಡಿಯ ಬಾಯಿಗೆ ಜಾಲಿಮುಳ್ಳು ಒಟ್ಟಿ ಗೆಳತಿಯ ತಾಯಿ ಕೋಲು ಹಿಡಿದು ನಿಂತಿದ್ದಳು. ಹಲಗೆ ಎಲ್ಲಿ ಎಂದು ಕೇಳಿದಳು. ತಂದೆ ಹತ್ತಿರ ಹೋಗಿ ಏನೋ ಹೇಳಿದರು. ಅವಳು ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಕುರಿಗಳ ಕಡೆ ತಿರುಗಿದಳು.

ಗೆಳತಿ ಗಾಡಿಯಿಂದ ಇಳಿದು ನೇರ ಬಾಗಿಲಿಗೆ ಹೋದಳು. ಚಪ್ಪಲಿ ಬಿಟ್ಟು, ಚೌಕಟ್ಟಿಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಂತಳು. ಗದ್ದ ಎತ್ತಲಿಲ್ಲ.

"ಅಪ್ಪಾ, ಗೆರಿ ಎಳಿ" ಎಂದಳು.

ಬಣ್ಣದ ಡಬ್ಬಿ ಅಲ್ಲೇ ಕಟ್ಟೆಯ ಮೇಲಿತ್ತು. ತಂದೆ ಅದನ್ನು ಎತ್ತಿಕೊಂಡು, ಮುಚ್ಚಳ ಗಟ್ಟಿ ಮಾಡಿ, ಮಾಡಿನ ಸಂದಿಯಲ್ಲಿ ಅವಳ ಕೈಗೆ ಸಿಗದಷ್ಟು ಮೇಲೆ ಇಟ್ಟರು.

"ಮುಂಜಾನಿ ಎಳೀತೇನಿ, ಮಗಳ" ಎಂದರು. "ಈಗ ಒಳಗ ನಡಿ."